ಕಣ್ಣು ಕೂಡಿದ ಹೂನೊಣ

ನಮ್ಮನೆಯವರು ನೊಣ ನೋಡೋದರಲ್ಲೇ ಆಯುಸ್ಸು ಕಳೆದವರು. ಹೀಗಂದರೆ ಜನ ನಗುತ್ತಾರೆ, ನಗಲಿ. ಮದುವೆಯಾದ ಹೊಸದರಲ್ಲಿ ನಾನೂ ನಕ್ಕವಳೇ. ಕೀಟಗಳ ಮ್ಯೂಸಿಯಮ್ಮಿನಲ್ಲಿ ಕೆಲಸ. ಅಲ್ಲಿ ಕಸ ಗುಡಿಸುವವರಿಂದ ಹಿಡಿದು ನಿರ್ದೇಶಕರ ತನಕ ಎಲ್ಲರಿಗೂ ಇವರು ನೊಣದ ಮೇಷ್ಟ್ರು. ನೊಣ ಅಂದರೆ ಊಟದ ತಟ್ಟೆಗೆ ಮುತ್ತುವ ನೊಣ ಅಲ್ಲ, ಹೂನೊಣ. ಹೂವಿನ ಮುಂದೆ ಗಾಳಿಯಲ್ಲಿ ಅಲ್ಲಾಡದೆ ನಿಂತುಬಿಡುತ್ತದಲ್ಲ, ಹಳದಿ ಕಪ್ಪು ಪಟ್ಟೆ ಹಾಕಿಕೊಂಡು ಕಣಜದ ಹಾಗೆ ಹೆದರಿಸುತ್ತದಲ್ಲ, ಅದು. ವೇಷ ಅಷ್ಟೇ, ಕುಟುಕೋಕೆ ಕೊಂಡಿ ಇಲ್ಲ. ನಿನ್ನದು ಉಲ್ಟಾ, ವೇಷ ಸಾಧು, ಕೊಂಡಿ ಒಳಗಿದೆ ಅಂತ ಇವರು ನನ್ನನ್ನು ಕೆಣಕೋರು.

ಈಗ ಇವರ ದೃಷ್ಟಿಯ ನಡುಭಾಗ ಹೋಗಿದೆ, ಅಂಚು ಉಳಿದಿದೆ. ನನ್ನ ಕಡೆ ನೋಡಿದರೆ ಕಿವಿ ಕಾಣುತ್ತದಂತೆ, ಮುಖ ಕಾಣೋದಿಲ್ಲವಂತೆ. ನಿವೃತ್ತಿಯಾಗಿ ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಇಡೋ ಬದಲು ಪಕ್ಕದ ಗಾಳಿಯ ಮೇಲೆ ಇಟ್ಟರು. ಲೋಟ ಚೂರಾಯಿತು. ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿ ಕೂದಲು ನೆರೆಸಿಕೊಂಡವಳು. ಅವತ್ತೇ ಕೈ ಹಿಡಿದು ಎಳಕೊಂಡು ಹೋದೆ. ಡಾಕ್ಟರು ತುಂಬ ತಡ ಆಗಿದೆ ಅಂದರು. ಯಾವಾಗಿಂದ ಹೀಗೆ ಅಂತ ನಾನು ಕೇಳಿದೆ. ಈಚೆಗೆ ಒಂದಿಷ್ಟು ಮಂಜು ಮಂಜು, ಅಷ್ಟೇ ಅಂದರು ಇವರು. ನಂಬಿದೆ.

ಇವರಿಗೆ ಉಳಿದದ್ದು ಒಂದೇ ಆಸೆ. ಊರಿನವರೆಲ್ಲ ತಂದುಕೊಟ್ಟ ನೊಣಗಳಿಗೆ ಇದು ಇಂಥದು ಅಂತ ಹೆಸರು ಹುಡುಕಿಕೊಟ್ಟರೇ ಹೊರತು, ಇದು ಹೊಸ ಬಗೆ, ಜಗತ್ತಿನಲ್ಲಿ ಯಾರೂ ಕಂಡಿಲ್ಲ ಅಂತ ತಾವೇ ವರ್ಣನೆ ಬರೆದು ಹೆಸರಿಟ್ಟದ್ದು ಒಂದೂ ಇಲ್ಲ. ಹಾಗೆ ಬರೆದರೆ ಆ ನೊಣದ ಹೆಸರಿನ ಹಿಂದೆ ಬರೆದವರ ಹೆಸರು ಅಂಟಿಕೊಂಡು ನಿಲ್ಲುತ್ತದಂತೆ, ಪ್ರಪಂಚ ಇರೋ ತನಕ. ಮಕ್ಕಳಿಲ್ಲದ ಮನುಷ್ಯ ಹೀಗೆ ಹೇಳುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಅಂಥ ಒಂದು ನೊಣ ಇವರ ಹತ್ತಿರ ಇತ್ತು, ಒಂದೇ ಒಂದು. ಕೊನೆಯ ವರ್ಷದ ಮೊದಲಲ್ಲಿ ಮ್ಯೂಸಿಯಮ್ಮಿನ ಹಿತ್ತಲಲ್ಲಿ ಕಟ್ಟಿದ ಬಲೆಗೆ ಬಿದ್ದದ್ದು. ಹೊಟ್ಟೆಯ ಗುರುತು ಕಂಡ ಕೂಡಲೇ ಎದೆ ಧಸಕ್ಕೆಂದಿತಂತೆ. ಮಿಕ್ಕದ್ದನ್ನು ನಿಧಾನವಾಗಿ ನೋಡೋಣ ಅಂತ ಎತ್ತಿಟ್ಟರಂತೆ. ನಿವೃತ್ತಿಯ ದಿನ ಅಪ್ಪಣೆ ಪಡೆದು, ಹೋಲಿಸಿ ನೋಡೋಕೆ ಅಂತ ಇನ್ನು ಕೆಲವು ಮಾಮೂಲಿ ನೊಣಗಳ ಜೊತೆ ಪೆಟ್ಟಿಗೆಯಲ್ಲಿ ಮನೆಗೆ ತಂದರು. ಈಗ ಆ ನಿಧಾನ ಬಂದಿತ್ತು, ನೋಡೋ ಕಣ್ಣು ಇರಲಿಲ್ಲ.

ಹಾಗಾಗಿ ಊಟದ ಮೇಜಿನ ಮೇಲೆ ಮೈಕ್ರೋಸ್ಕೋಪು ಬಂತು. ನಾನು ನೋಡಿ ಹೇಳಬೇಕು, ಇವರು ಅದನ್ನು ವಾಕ್ಯ ಮಾಡಬೇಕು, ಆ ವಾಕ್ಯವನ್ನು ಮತ್ತೆ ನಾನೇ ಬರೆದುಕೊಳ್ಳಬೇಕು. ಕಣ್ಣೂ ನನ್ನದು, ಕೈಯೂ ನನ್ನದು, ಬೈಸಿಕೊಳ್ಳೋದೂ ನಾನೇ. ಇವರ ಹತ್ತಿರ ಕಲಿತು ಈಗ ಇವರ ಕುರ್ಚಿಯಲ್ಲೇ ಕೂತಿರುವ ಹುಡುಗಿ ಒಬ್ಬಳಿದ್ದಾಳೆ. ನಮ್ಮಿಬ್ಬರ ಮಾತಿನಲ್ಲಿ ಅವಳು ಶಿಷ್ಯೆ. ವರ್ಣನೆ ಸಿದ್ಧವಾದರೆ ಮ್ಯೂಸಿಯಮ್ಮಿನ ಪತ್ರಿಕೆಯಲ್ಲಿ ಹಾಕಿಸುತ್ತೇನೆ, ಅದಕ್ಕೆ ಮೊದಲು ನಾನೊಂದು ಸಲ ನೊಣ ನೋಡಬೇಕು ಅಂದಿದ್ದಳು.

ಮೊದಲು ಕಣ್ಣು ನೋಡು ಅಂದರು. ಹೂನೊಣದ ಗಂಡಿಗೆ ಎರಡು ಕಣ್ಣೂ ನೆತ್ತಿಯ ಮೇಲೆ ಒಂದಕ್ಕೊಂದು ಕೂಡಿಕೊಂಡಿರುತ್ತವಂತೆ, ಹೆಣ್ಣಿಗೆ ನಡುವೆ ಜಾಗ ಇರುತ್ತದಂತೆ. ಯಾಕೆ ಹಾಗೆ ಅಂದೆ. ಗಂಡಿಗೆ ಹೆಣ್ಣು ಹುಡುಕೋದು ಬಿಟ್ಟು ಬೇರೆ ಕೆಲಸ ಇಲ್ಲ, ಅದಕ್ಕೇ ತಲೆಯೆಲ್ಲ ಕಣ್ಣು ಅಂದರು. ಹೆಣ್ಣಿಗೆ ಯೋಚನೆ ಮಾಡೋಕೆ ಜಾಗ ಬೇಕಲ್ಲ ಅಂದೆ ನಾನು. ನೋಡಿದರೆ ಕಣ್ಣು ಕೂಡಿದ್ದವು, ನಡುವೆ ಒಂದು ಎಳೆ ದಾರ ಹೋಗುವಷ್ಟೂ ಜಾಗ ಇರಲಿಲ್ಲ. ಗಂಡು ಅಂತ ಬರೆಸಿದರು.

ಮುಖ ಹಳದಿ ಅಂದೆ. ಎಂಥ ಹಳದಿ ಅಂದರು. ಹಳದಿ ಅಂದರೆ ಹಳದಿ ಕಣ್ರೀ ಅಂದೆ. ಬೆಣ್ಣೆಯದಾ, ಮೊಟ್ಟೆಯ ಒಳಗಿನದಾ, ಹಳೇ ಹಿತ್ತಾಳೆಯದಾ ಅಂತ ಶುರುವಾಯಿತು. ಇಷ್ಟು ವರ್ಷ ನಾನು ಉಟ್ಟ ಸೀರೆ ಹಸಿರೋ ನೀಲಿಯೋ ಅಂತ ಗೊತ್ತಿಲ್ಲದ ಮನುಷ್ಯ, ನೊಣದ ಕೆನ್ನೆಯ ಬಣ್ಣಕ್ಕೆ ನನ್ನ ಜೀವ ಹಿಂಡಿದರು. ಕೊನೆಗೆ ಬೆಣ್ಣೆಗೆ ಒಪ್ಪಿದೆವು. ಮುಖದ ನಡುವೆ ಮೇಲಿಂದ ಕೆಳಗೆ ಕಪ್ಪು ಪಟ್ಟೆ, ಪಟ್ಟೆಯ ಮೇಲೆ ಮೂಗಿನಂಥ ಉಬ್ಬು. ಕಣ್ಣಿನ ಮೇಲೆ ಒತ್ತಾದ ಕೂದಲು. ಕಣ್ಣಿನ ಮೇಲೆ ಕೂದಲು ಇರುತ್ತದಾ ಅಂತ ನಾನೇ ಗಾಬರಿಯಾದೆ, ಕೆಲವಕ್ಕೆ ಇರುತ್ತದೆ ಅಂದರು. ತಲೆಯ ಹಿಂಬದಿಯ ರೋಮ ಬಿಳಿ. ಆಮೇಲೆ ಎದೆಗೆ ಬಂದೆವು. ಎದೆಯ ಮೇಲಿನ ರೋಮ ಹೊನ್ನಿನ ಬಣ್ಣ.

"ಹಿಂದಲೆಯದು ಬಿಳಿ, ಹೆಗಲಿನದು ಹೊನ್ನಾ?" ಅಂದರು. ಹೌದು ಅಂದೆ. ಸರಿಯಾಗಿ ನೋಡು ಅಂದರು. ನೋಡಿದೆ, ಅದೇ. ಇವರು ಬೆರಳಿನಿಂದ ಮೇಜು ಕುಟ್ಟುತ್ತಾ ಕೂತರು. ಇಂಥ ಮುಖದ ನೊಣಗಳದ್ದೇ ಒಂದು ಮನೆತನ, ಇಂಥ ಹೊನ್ನು ಹೆಗಲಿನವುಗಳದ್ದೇ ಇನ್ನೊಂದು, ಈ ಎರಡು ಮನೆಗಳ ನಡುವೆ ಹೆಣ್ಣು ಕೊಟ್ಟು ತರೋ ಸಂಬಂಧವೇ ಇಲ್ಲವಲ್ಲ ಅಂತ ತಮಗೆ ತಾವೇ ಹೇಳಿಕೊಂಡರು. ನನಗೆ ತಲೆಬುಡ ತಿಳಿಯಲಿಲ್ಲ. ತಲೆ ಸ್ವಲ್ಪ ದೊಡ್ಡದಾಯಿತು ಅನಿಸುತ್ತದೆ, ಮೂಗಿಗಿಂತ ಮೂಗುತಿ ಭಾರ ಅನ್ನೋ ಹಾಗಿದೆ ಅಂದೆ. ಅನಿಸೋದನ್ನೆಲ್ಲ ಹೇಳಬೇಡ, ಕಂಡದ್ದು ಹೇಳು ಅಂತ ರೇಗಿದರು.

ಹೊಟ್ಟೆ ಹೇಳುವಾಗ ಮಾತ್ರ ಇವರ ಮುಖ ನೋಡಬೇಕಿತ್ತು. ಕಪ್ಪು ಹೊಟ್ಟೆಯ ಮೇಲೆ ಹಳದಿ ಮಚ್ಚೆಗಳು, ಜೋಡಿ ಜೋಡಿ. ಮೊದಲ ಜೋಡಿ ದುಂಡಗೆ, ಎರಡನೆಯದು ಓರೆಯಾಗಿ, ಮೂರನೆಯದು ನಡುವೆ ಕೂಡಿಕೊಂಡು ತುದಿ ಮೇಲಕ್ಕೆ ತಿರುವಿ, ಥೇಟ್ ಮೀಸೆ. ಮೀಸೆ ಅಂದ ಕೂಡಲೇ ಇವರು ಕೈ ಚಾಚಿ ನನ್ನ ಮೊಣಕೈ ಹಿಡಿದುಕೊಂಡರು. ಅದೇ, ಅದೇ ನಾನು ಕಂಡದ್ದು, ಅದು ಬೇರೆ ಯಾವುದಕ್ಕೂ ಇಲ್ಲ ಅಂದರು. ಕಣ್ಣಲ್ಲಿ ನೀರು. ಈ ಮನುಷ್ಯ ನನ್ನ ಕೈಯನ್ನು ಹಾಗೆ ಹಿಡಿದು ಎಷ್ಟು ಕಾಲವಾಗಿತ್ತೋ. ನನಗೂ ಆ ನೊಣದ ಮೇಲೆ ಪ್ರೀತಿ ಬಂತು.

ಮಾರನೇ ದಿನ ಬಾಲದ ತುದಿ. ಗಂಡಾದರೆ ಹೊಟ್ಟೆಯ ತುದಿ ಗಂಟಿನ ಹಾಗೆ ಉಬ್ಬಿ ಕೆಳಕ್ಕೆ ಮಡಿಚಿಕೊಂಡಿರಬೇಕು, ಅದರ ಆಕಾರ ಹೇಳು ಅಂದರು. ಗಂಟು ಇಲ್ಲ ಅಂದೆ. ಇರಲೇಬೇಕು ಅಂದರು. ನೊಣವನ್ನು ಆ ಕಡೆ ಈ ಕಡೆ ತಿರುಗಿಸಿದೆ. ತುದಿ ಚೂಪಾಗಿ, ನೇರವಾಗಿ, ಚೊಕ್ಕವಾಗಿ ಮುಗಿದಿತ್ತು. ಮುರಿದಿರಬಹುದಾ? ಇಲ್ಲ, ಮುರಿದ ಗುರುತು ನನಗೆ ಗೊತ್ತಾಗುತ್ತದೆ. ನಿನಗೇನು ಗೊತ್ತಾಗುತ್ತದೆ ಅಂದರು. ಹಾಗಾದರೆ ನೀವೇ ನೋಡಿಕೊಳ್ಳಿ ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಆಮೇಲೆ ಇವರೇ, ಆ ತುದಿ ಹೆಣ್ಣಿನದು ಅಂದರು. ಕಣ್ಣು ಕೂಡಿದೆಯಲ್ಲ, ಕಣ್ಣು ಗಂಡಿನದು ಅಂದೆ. ಹೌದಲ್ಲ ಅಂದರು. ಇಬ್ಬರೂ ಮಿಕಿಮಿಕಿ ನೋಡುತ್ತಾ ಕೂತೆವು, ನಾನು ಇವರನ್ನು, ಇವರು ನನ್ನ ಕಿವಿಯನ್ನು. ಮುಖ ಒಂದು ಮನೆತನದ್ದು, ಮೈ ಇನ್ನೊಂದರದ್ದು. ತಲೆ ಗಂಡು, ಬಾಲ ಹೆಣ್ಣು. ನನಗಂತೂ ನನ್ನ ಕಣ್ಣಿನ ಮೇಲೇ ಅನುಮಾನ ಬಂತು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ, ಮಗ್ಗುಲಿನ ಕಿಟಕಿಗೆ ಮೈಕ್ರೋಸ್ಕೋಪು ಎಳೆದು ಬೆಳಕು ಬದಲಾಯಿಸಿ ನೋಡಿದೆ. ಬದಲಾಗೋಕೆ ಅದೇನು ಗ್ರಹಚಾರವೇ, ಇದ್ದದ್ದು ಹಾಗೇ ಇತ್ತು.

ಇವರು ನಿಧಾನವಾಗಿ ಅರಳತೊಡಗಿದರು. ಕೋಟಿಗೊಂದು ಹುಳ ಅರ್ಧ ಗಂಡು ಅರ್ಧ ಹೆಣ್ಣಾಗಿ ಹುಟ್ಟೋದುಂಟಂತೆ. ಹೊಸ ಬಗೆ, ಅದರಲ್ಲೂ ಹೊಸ ಮನೆತನ, ಅದರಲ್ಲೂ ಅರ್ಧನಾರಿ. ಮೂರೂ ಒಂದೇ ನೊಣದಲ್ಲಿ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ನಾನೂ ಹೂಂಗುಟ್ಟಿದೆ. ಶಿಷ್ಯೆಗೆ ಫೋನು ಹೋಯಿತು. ಸಂಜೆಯೇ ಬರುತ್ತೇನೆ ಅಂದಳು. ಇವರು ಊಟ ಮಾಡಿ, ಮಗುವಿನ ಹಾಗೆ ನಗುತ್ತಾ ಮಲಗಿದರು.

ನನಗೆ ನಿದ್ದೆ ಎಲ್ಲಿಂದ ಬರಬೇಕು? ಮೊಸರಲ್ಲಿ ಕಲ್ಲು ಹುಡುಕೋ ಬುದ್ಧಿ ನನ್ನದು. ಮತ್ತೆ ಹೋಗಿ ಕೂತೆ. ಇವರು ಮೇಲಿಂದ, ಬದಿಯಿಂದ, ಹಿಂದಿನಿಂದ ಎಲ್ಲ ನೋಡಿಸಿದ್ದರು, ಕತ್ತಿನ ಕೆಳಗೆ ನೋಡಿಸಿರಲಿಲ್ಲ. ನೊಣ ಚುಚ್ಚಿದ್ದ ಪಿನ್ನು ಓರೆ ಮಾಡಿ ನೋಡಿದೆ. ಕತ್ತು ಇರಬೇಕಾದ ಜಾಗದಲ್ಲಿ ಒಂದು ಹೊಳೆಯುವ ಹನಿ, ಗಾಜಿನ ಹಾಗೆ ಗಟ್ಟಿ.

ಅಂಟು. ನನಗೆ ಅದು ಚೆನ್ನಾಗಿ ಗೊತ್ತು. ಒಣಗಿದ ನೊಣದ ತಲೆ ಕೂದಲೆಳೆಯಂಥ ಕತ್ತಿನ ಮೇಲೆ ನಿಂತಿರುತ್ತದೆ, ಪೆಟ್ಟಿಗೆಯ ಮುಚ್ಚಳ ಜೋರಾಗಿ ಹಾಕಿದರೂ ಉದುರುತ್ತದೆ. ಉದುರಿದ ತಲೆಗಳನ್ನು ಹುಡುಕಿ ಆಯಾ ಮೈಗೆ ಒಂದು ಚುಕ್ಕೆ ಅಂಟಿನಲ್ಲಿ ಕೂರಿಸೋದು ಮ್ಯೂಸಿಯಮ್ಮಿನಲ್ಲಿ ಇವರ ಸಂಜೆಯ ಕೆಲಸ ಆಗಿತ್ತು. ಇವರು ಕೂರಿಸಿದ್ದು ಭೂತಗನ್ನಡಿ ಹಿಡಿದರೂ ಗೊತ್ತಾಗೋದಿಲ್ಲ ಅಂತ ಹೊರದೇಶದವರೂ ಹೊಗಳುತ್ತಿದ್ದರು. ಈ ಹನಿ ಚುಕ್ಕೆಯಲ್ಲ, ದೊಡ್ಡ ತೊಟ್ಟು, ಅದರಲ್ಲಿ ಒಂದು ಬಟ್ಟೆಯ ಎಳೆ ಬೇರೆ ಸಿಕ್ಕಿಕೊಂಡಿತ್ತು. ಪೆಟ್ಟಿಗೆ ತಡಕಿದೆ. ಮಾಮೂಲಿ ನೊಣಗಳ ಸಾಲಿನ ಕೊನೆಯಲ್ಲಿ ಒಂದಕ್ಕೆ ತಲೆಯೇ ಇಲ್ಲ. ತಂದು ಪಕ್ಕದಲ್ಲಿಟ್ಟೆ. ಅದರ ಹೆಗಲ ರೋಮ ಬಿಳಿ. ಅದರ ಬಾಲದ ತುದಿ ಗಂಟಿನ ಹಾಗೆ ಉಬ್ಬಿ ಕೆಳಕ್ಕೆ ಮಡಿಚಿಕೊಂಡಿತ್ತು.

ಯಾರದೋ ತಲೆ, ಯಾರದೋ ಮುಂಡ. ಇವರೇ ಕೂರಿಸಿದ್ದು, ಇನ್ನಾರು? ಹಾಗಾದರೆ ಕೊನೆಯ ವರ್ಷವೇ ಇವರಿಗೆ ಕಾಣುತ್ತಿರಲಿಲ್ಲ. ಕಾಣದೆಯೇ ಬೆಳಿಗ್ಗೆ ಹೋಗಿ ಸಂಜೆ ಬಂದರು, ನನ್ನ ಜೊತೆ ಕೂತು ಉಂಡರು, ಮಂಜು ಮಂಜು ಅಂದರು. ಆಸ್ಪತ್ರೆಯಲ್ಲಿ ಎಷ್ಟು ಜನಕ್ಕೆ ಕೆಟ್ಟ ಸುದ್ದಿ ಹೇಳಿದ್ದೇನೆ, ಭುಜ ಹಿಡಿದು, ಕೂರಿಸಿ, ಮುಖ ನೋಡಿಕೊಂಡು. ಇಲ್ಲಿ ಬಾಯಲ್ಲಿ ಬಿಸಿತುಪ್ಪ. ಹೇಳಿದರೆ ನೊಣ ಹೋಯಿತು, ಆಸೆ ಹೋಯಿತು. ಹೇಳದಿದ್ದರೆ ಪ್ರಪಂಚದಲ್ಲಿ ಇಲ್ಲದ ನೊಣವೊಂದರ ಹಿಂದೆ ಇವರ ಹೆಸರು ನಿಲ್ಲುತ್ತದೆ, ಯಾವತ್ತೋ ಒಬ್ಬ ಬಂದು ಕತ್ತಿನ ಕೆಳಗೆ ನೋಡಿ ನಗುತ್ತಾನೆ. ಒಳಗೆ ಹೋಗಿ ಇವರು ಮಲಗಿದ್ದನ್ನು ನೋಡಿ ಬಂದೆ. ಎಬ್ಬಿಸೋಕೆ ಧೈರ್ಯ ಬರಲಿಲ್ಲ.

ಶಿಷ್ಯೆ ಬಂದಳು. ಮಾತಿನಲ್ಲಿ ಮೆತ್ತಗೆ, ಕೆಲಸದಲ್ಲಿ ಗಟ್ಟಿ ಹುಡುಗಿ. ಇವರು ಎದ್ದು ಬಾಗಿಲಿಗೇ ಹೋಗಿ ಕರಕೊಂಡು ಬಂದರು, ಕೂರೋಕೂ ಬಿಡದೆ ಎಲ್ಲವನ್ನೂ ಹೇಳಿದರು. ಅವಳು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಇಟ್ಟವಳು ತೆಗೆಯಲೇ ಇಲ್ಲ. ನಾನು ಅವಳ ಕೈ ನೋಡುತ್ತಿದ್ದೆ. ಪಿನ್ನನ್ನು ಓರೆ ಮಾಡಿತು, ಕತ್ತಿನ ಕೆಳಗೆ ಬಂತು, ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದಳು. ನನಗೆ ಗೊತ್ತಿದೆ ಅಂತ ಅವಳಿಗೆ ಗೊತ್ತಾಯಿತು.

ಹೇಗಿದೆ ಅಂದರು ಇವರು. ತುಂಬ ಅಪರೂಪದ್ದು ಸರ್ ಅಂದಳು. ಅವಳ ದನಿ ಕೇಳಿ ನನ್ನ ಮೈ ಉರಿಯಿತು. ಇವರಿಗೆ ಸುಳ್ಳು ಹೇಳೋದಿದ್ದರೆ ನಾನು ಹೇಳುತ್ತೇನೆ, ಇವಳು ಯಾರು?

"ರೀ," ಅಂದೆ. "ಆ ತಲೆ ಅದರದ್ದಲ್ಲ."

ಇವರು ನನ್ನ ಕಡೆ ತಿರುಗಿದರು. ನಗು ಇನ್ನೂ ಮುಖದ ಮೇಲೆ ಉಳಿದಿತ್ತು. ಕತ್ತಿನಲ್ಲಿ ಅಂಟಿದೆ ಅಂದೆ, ಪೆಟ್ಟಿಗೆಯಲ್ಲಿ ತಲೆಯಿಲ್ಲದ ಗಂಡು ಇದೆ ಅಂದೆ, ಅದರ ಹೆಗಲು ಬಿಳಿ ಅಂದೆ. ನಿಜಾನಾ ಅಂತ ಇವರು ಕೇಳಿದ್ದು ಶಿಷ್ಯೆಯನ್ನು. ಅವಳು ಹೂಂ ಸರ್ ಅಂದಳು. ಯಾರು ಅಂಟಿಸಿದ್ದು ಅಂತ ಇವರು ಕೇಳಲಿಲ್ಲ. ತಮ್ಮ ಬೆರಳುಗಳನ್ನು ಒಂದರ ಮೇಲೊಂದು ಉಜ್ಜಿಕೊಂಡರು.

ಆಮೇಲೆ ಬಾಯಿಬಿಟ್ಟರು. ಆ ನೊಣದ ಹೊಟ್ಟೆ ಕಂಡದ್ದೇ ಕೊನೆ, ಆಮೇಲೆ ಆ ವರ್ಷ ಪೂರ್ತಿ ತಮಗೆ ಸಣ್ಣದೇನೂ ಕಾಣುತ್ತಿರಲಿಲ್ಲ, ಕೈ ಅಭ್ಯಾಸದ ಮೇಲೆ ಮಾಡಿದೆ ಅಂದರು. ಆ ವರ್ಷ ತಾವು ಕೂರಿಸಿದ ತಲೆಗಳನ್ನೆಲ್ಲ ತೆಗೆದು ನೋಡಬೇಕು, ಎಷ್ಟು ಡ್ರಾಯರು ಕೆಟ್ಟಿವೆಯೋ ಗೊತ್ತಿಲ್ಲ, ನಿರ್ದೇಶಕರಿಗೆ ನಾನೇ ಬಂದು ಹೇಳುತ್ತೇನೆ, ನಾಳೆಯೇ ಅಂದರು. ನನಗೆ ಇವರ ಪಕ್ಕ ಹೋಗಿ ನಿಲ್ಲಬೇಕು ಅನಿಸಿತು, ಎರಡೇಟು ಹಾಕಬೇಕು ಅಂತಲೂ ಅನಿಸಿತು.

"ನೋಡೋದು ಬೇಡ ಸರ್," ಅಂದಳು ಶಿಷ್ಯೆ. "ನಾನು ಆಗಲೇ ಎಲ್ಲಾ ಸರಿ ಮಾಡಿದ್ದೀನಿ."

ಇವರು ಮನೆಗೆ ಹೊರಟ ಮೇಲೆ ಪ್ರತಿ ಸಂಜೆ ಅವಳು ಹಿಂದೆ ಉಳಿದು, ಇವರು ಅವತ್ತು ಕೂರಿಸಿದ ತಲೆಗಳನ್ನು ಬಿಡಿಸಿ ಸರಿಯಾದ ಮೈಗೆ ಕೂರಿಸುತ್ತಿದ್ದಳಂತೆ. ಯಾರಿಗೂ ಹೇಳಲಿಲ್ಲವಂತೆ. ಹೇಳಿದ್ದರೆ ನಿಮ್ಮನ್ನು ಮನೆಗೆ ಕಳಿಸಿಬಿಡುತ್ತಿದ್ದರು ಅಂದಳು. ಈ ಪೆಟ್ಟಿಗೆಯನ್ನು ನೀವು ಬೀಗ ಹಾಕಿ ಇಟ್ಟುಕೊಂಡಿದ್ದಿರಿ, ಇದೊಂದು ನನ್ನ ಕೈಗೆ ಸಿಗಲಿಲ್ಲ ಅಂದಳು.

ಇವರಿಗೆ ಸಂತೋಷವಾಗುತ್ತದೆ ಅಂದುಕೊಂಡೆ. ಎಲ್ಲಿಯ ಮಾತು. ನನ್ನ ಕೆಲಸಕ್ಕೆ ಕೈ ಹಾಕು ಅಂತ ನಿನಗೆ ಯಾರು ಹೇಳಿದ್ದು ಅಂತ ಗುಡುಗಿದರು. ಇಡೀ ವರ್ಷ ನನ್ನನ್ನು ಗೊಂಬೆ ಮಾಡಿ ಕೂರಿಸಿದೆಯಾ ಅಂದರು. ಎದ್ದು ಗೋಡೆ ಹಿಡಿದುಕೊಂಡು ಬಾಲ್ಕನಿಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತರು. ಹುಡುಗಿ ತಲೆ ತಗ್ಗಿಸಿಕೊಂಡು ಕೂತಳು. ಅವಳನ್ನು ಸಮಾಧಾನ ಮಾಡಬೇಕೋ ಬೈಯಬೇಕೋ ತಿಳಿಯಲಿಲ್ಲ. ನನ್ನ ಗಂಡನಿಗೆ ಕಣ್ಣು ಕಾಣೋದಿಲ್ಲ ಅಂತ ನನಗಿಂತ ಮೊದಲು ಅವಳಿಗೆ ಗೊತ್ತಿತ್ತು.

ಬಾಲ್ಕನಿಗೆ ಹೋದೆ. ನನಗೆ ಯಾಕೆ ಹೇಳಲಿಲ್ಲ ಅಂದೆ.

"ನೀನು ನರ್ಸು," ಅಂದರು, ತಿರುಗದೆ. "ಹೇಳಿದ್ದರೆ ಅವತ್ತೇ ಕೆಲಸ ಬಿಡಿಸ್ತಿದ್ದೆ."

ಬಿಡಿಸುತ್ತಿದ್ದೆ, ಅದು ಸುಳ್ಳಲ್ಲ. ಅಲ್ಲೇ ಪಕ್ಕದಲ್ಲಿ ನಿಂತೆ. ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು, ಬಾ ಬಾ ಇನ್ನೂ ಬಾ ಅಂತ ಇನ್ನೊಬ್ಬ ಕೂಗುತ್ತಿದ್ದ.

ಒಳಗಿನಿಂದ ಹುಡುಗಿ ಮೆಲ್ಲಗೆ ಹೇಳಿದಳು. "ಸರ್, ನನ್ನ ಹತ್ತಿರ ಒಂದು ತಲೆ ಉಳಿದುಹೋಗಿದೆ."

ಅವಳು ಮುಂದುವರಿಸಿದಳು. ಆ ವರ್ಷ ಒಂದು ಸಂಜೆ ಇವರ ಮೇಜಿನ ಸಂದಿಯಲ್ಲಿ ಸಿಕ್ಕಿತಂತೆ. ಅದರ ಮೈ ಹುಡುಕಿ ಮ್ಯೂಸಿಯಮ್ಮಿನ ಎಲ್ಲಾ ಡ್ರಾಯರು ತೆಗೆದಳಂತೆ, ಯಾವ ನೊಣಕ್ಕೂ ಹೊಂದಲಿಲ್ಲವಂತೆ. ಅಂಥ ಮುಖ ಪುಸ್ತಕಗಳಲ್ಲೂ ಇರಲಿಲ್ಲವಂತೆ. ಬಿಸಾಡೋಕೆ ಮನಸ್ಸು ಬಾರದೆ ಒಂದು ಪುಟ್ಟ ಸೀಸೆಯಲ್ಲಿ ಹಾಕಿ ತನ್ನ ಮೇಜಿನಲ್ಲಿ ಇಟ್ಟುಕೊಂಡಿದ್ದಳಂತೆ.

ಇವರು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಕಣ್ಣು?"

"ಬೇರೆ ಬೇರೆ ಸರ್. ಹೆಣ್ಣು."

"ಹಿಂದಲೆಯ ರೋಮ?"

"ಹೊನ್ನಿನ ಬಣ್ಣ."

ಇವರು ಕುರ್ಚಿ ತಡವಿ ಕೂತರು. ಮುಖದ ನಡುವೆ ಪಟ್ಟೆ ಇಲ್ಲವೇ ಅಂತ ಕೇಳಿದರು, ಇಲ್ಲ ಅಂದಳು. ಉಬ್ಬು ಹೇಗಿದೆ, ಕಣ್ಣಿನ ಮೇಲೆ ಕೂದಲಿದೆಯೇ, ಮುಖದ ಮುಂದೆ ಚಾಚಿರೋ ಕುಡಿಮೀಸೆಗಳು ಎಂಥವು, ಒಂದೊಂದೇ ಕೇಳಿದರು. ಅವಳು ನೊಣ ಮುಂದಿಲ್ಲದಿದ್ದರೂ ಗಡಬಡಿಸದೆ ಹೇಳಿದಳು. ಪ್ರತಿ ಉತ್ತರಕ್ಕೂ ಇವರ ಹೆಗಲು ಸ್ವಲ್ಪ ಸ್ವಲ್ಪ ಕೆಳಗಿಳಿದು ಸಡಿಲವಾಗುತ್ತಿತ್ತು. ನೊಣ ಇತ್ತು. ನಿಜವಾಗಿ ಇತ್ತು, ಹೊಸದೇ ಆಗಿತ್ತು, ಇವರ ಆಸೆ ಸುಳ್ಳಾಗಿರಲಿಲ್ಲ. ನನಗೆ ಅಳು ನಗು ಎರಡೂ ಒಟ್ಟಿಗೆ ಬಂತು.

ಹೊಸ ಹಾಳೆ ತಗೋ ಅಂದರು ನನಗೆ. ತಗೊಂಡೆ.

"ಮೇಲೆ ಹೆಸರು ಬರಿ. ಮೊದಲು ಇವಳದು. ಆಮೇಲೆ ನನ್ನದು."

ಹುಡುಗಿ ಎದ್ದು ನಿಂತುಬಿಟ್ಟಳು. ಬೇಡ ಸರ್, ಇದು ನಿಮ್ಮ ನೊಣ ಅಂದಳು. ಎರಡು ಹೆಸರು ಇದ್ದರೆ ಜನ ಮೊದಲನೆಯದನ್ನೇ ಹೇಳುತ್ತಾರೆ, ಎರಡನೆಯದನ್ನು ನುಂಗಿಬಿಡುತ್ತಾರೆ, ನಿಮಗೆ ಗೊತ್ತಿಲ್ಲವೇ ಅಂದಳು. ಗೊತ್ತು ಅಂದರು ಇವರು. ಕೂತ್ಕೋ ಅಂದರು.

ಅವಳ ಹೆಸರು ಬರೆದೆ. ಅದರ ಪಕ್ಕ ಇವರದು ಬರೆಯಬೇಕು, ಅಕ್ಷರ ಕಾಣಲೊಲ್ಲದು. ಸೆರಗಿನಿಂದ ಕಣ್ಣು ಒರೆಸಿಕೊಂಡೆ, ಮತ್ತೆ ತುಂಬಿತು.

"ಆಯ್ತಾ?" ಅಂದರು ಇವರು.

ಆಗ್ತಾ ಇದೆ, ಸ್ವಲ್ಪ ಇರಿ ಅಂದೆ.